ನಿಮ್ಮ ಕೈಗುಣ ಯಾವುದು?

ದೆಹಲಿಯ ಜನವರಿ ಚಳಿಗೆ ಮೊಸರು ಹೆಪ್ಪುಗಟ್ಟುವುದಿಲ್ಲ. ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತದೆ. ಇಲ್ಲವೇ ಲೋಳೆಲೋಳೆಯಾಗಿ ಚಮಚದಿಂದ ಜಾರುತ್ತದೆ. ಊರಿಂದ ಹೊಸದಾಗಿ ಬಂದ ಕನ್ನಡದ ಮನೆಗಳಿಗೆ ಈ ಪಾಡು ಚೆನ್ನಾಗಿ ಗೊತ್ತು. ನಾವು ಮೊದಲು ಬಾಡಿಗೆಗಿದ್ದ ಓಣಿಯಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರಿದ್ದರು. ಅವರು ಹೆಪ್ಪು ಹಾಕಿದರೆ ಎಂಥ ಮಂಜು ಮುಸುಕಿದ ದಿನವೂ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಮೊಸರು. "ಅಜ್ಜಿಯ ಕೈಗುಣ" ಎಂದು ಓಣಿಯೆಲ್ಲ ಹೇಳುತ್ತಿತ್ತು.

ಒಂದು ಸಂಜೆ ಅವರ ಪಕ್ಕದಲ್ಲಿ ನಿಂತು ನೋಡಿದೆ. ಹಾಲಿನ ಬಿಸಿಯನ್ನು ಕಿರುಬೆರಳು ಅದ್ದಿ ನೋಡಿದರು. ಕಿಟಕಿಯಾಚೆ ಕಣ್ಣು ಹಾಯಿಸಿ, ಇವತ್ತು ಚಳಿ ಜೋರಿದೆ ಎಂದು ಇನ್ನೊಂದು ಚಮಚ ಹೆಪ್ಪು ಸೇರಿಸಿದರು. ಪಾತ್ರೆಗೆ ಹಳೆಯ ಶಾಲು ಸುತ್ತಿ ಗೋಧಿಹಿಟ್ಟಿನ ಡಬ್ಬದೊಳಗೆ ಇಳಿಸಿದರು. ನಾನು ಬೆರಗಿನಿಂದ ಕೇಳಿದ್ದಕ್ಕೆ ಅವರಿಗೇ ಆಶ್ಚರ್ಯ. "ಅದರಾಗೇನೈತವ್ವಾ, ಎಲ್ಲಾರೂ ಮಾಡೂದ" ಎಂದರು.

ಈ ಕೈಗುಣ ಎಂಬ ಮಾತು ನಮ್ಮ ಭಾಷೆಯ ದೊಡ್ಡ ಕಾಣ್ಕೆ ಎಂದು ನನಗೆ ಅನ್ನಿಸುತ್ತದೆ. ವೈದ್ಯರಿಗೆ ಕೈಗುಣ ಇದೆ ಎನ್ನುತ್ತೇವೆ, ಸಸಿ ನೆಡುವವರಿಗೆ, ಅಡುಗೆಯವರಿಗೆ, ಅಂಗಡಿಯಲ್ಲಿ ಬೋಣಿ ಮಾಡುವವರಿಗೂ ಇದೆ ಎನ್ನುತ್ತೇವೆ. ಗುಣವನ್ನು ತಲೆಯಲ್ಲಿಯೋ ಜಾತಕದಲ್ಲಿಯೋ ಹುಡುಕದೆ ಕೈಯಲ್ಲಿ ಗುರುತಿಸಿದ ಮಾತು ಇದು. ಕೈ ಆಡುವಾಗಲೇ ಆ ಗುಣ ಕಾಣುವುದು. ಜೊತೆಗೆ, ತನ್ನ ಕೈಗುಣವನ್ನು ತಾನೇ ಹೇಳಿಕೊಳ್ಳುವವರು ಇಲ್ಲವೆಂದರೂ ಸರಿ. ನೋಡಿದವರು, ಉಂಡವರು, ಗುಣವಾದವರು ಹೇಳಬೇಕು. ಕೆಲಸದಲ್ಲಿ ಮನುಷ್ಯನ ಸಹಜ ಶಕ್ತಿಯ ಬಗ್ಗೆ ಆಡಳಿತಶಾಸ್ತ್ರ ಮತ್ತು ಮನಃಶಾಸ್ತ್ರದವರು ಬರೆದದ್ದರಲ್ಲಿ ಒಳ್ಳೆಯದನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವ ಸಾರ ಹೆಚ್ಚುಕಡಿಮೆ ಇಷ್ಟೇ.

ಮಾರ್ಚ್ ಮುಗಿದು ಏಪ್ರಿಲ್ ಬಂತೆಂದರೆ ಗುರುಗ್ರಾಮದ ಸೈಬರ್ ಸಿಟಿಯಿಂದ ನೋಯ್ಡಾದ ಸೆಕ್ಟರುಗಳವರೆಗೆ ಕಚೇರಿಗಳಲ್ಲಿ ಅಪ್ರೈಸಲ್ ಗಾಳಿ ಬೀಸುತ್ತದೆ. ಫಾರಂನಲ್ಲಿ ಎರಡು ಅಂಕಣ: ನಿಮ್ಮ ಬಲ ಯಾವುದು, ಎಲ್ಲಿ ಸುಧಾರಿಸಬೇಕು. ಎರಡನೆಯದು ಸರಸರನೆ ತುಂಬುತ್ತದೆ. ನಮ್ಮ ಕೊರತೆಗಳ ಪಟ್ಟಿ ಶಾಲೆಯಿಂದಲೇ ನಮಗೆ ಬಾಯಿಪಾಠ. ಮೊದಲನೆಯ ಅಂಕಣದ ಎದುರು ಮಾತ್ರ ಬೆರಳು ನಿಂತುಬಿಡುತ್ತದೆ. ಕೊನೆಗೆ "ಕಷ್ಟಪಟ್ಟು ಕೆಲಸ ಮಾಡುತ್ತೇನೆ, ಎಲ್ಲರೊಡನೆ ಹೊಂದಿಕೊಳ್ಳುತ್ತೇನೆ" ಎಂದು ಯಾರು ಬೇಕಾದರೂ ಬರೆಯಬಹುದಾದ ಎರಡು ಸಾಲು ಬರೆದು ಕಳಿಸುತ್ತೇವೆ. ಆ ಖಾಲಿ ಅಂಕಣವನ್ನು ತುಂಬಲು ಈ ಊರಿಗೆ ಬಂದು ಬೆಳಗಿದ ಕೆಲವು ಕನ್ನಡದ ಕೈಗಳನ್ನು ನೋಡುವುದು ಒಳ್ಳೆಯದು.

ಬಾಬುಕೋಡಿಯಿಂದ ಬಹಾವಲ್‌ಪುರ ಹೌಸ್‌ಗೆ

ಮಂಡಿ ಹೌಸ್ ಮೆಟ್ರೊ ನಿಲ್ದಾಣದಿಂದ ಹೊರಬಂದು ಭಗವಾನ್ ದಾಸ್ ರಸ್ತೆ ಹಿಡಿದರೆ ಬಹಾವಲ್‌ಪುರ ಹೌಸ್ ಸಿಗುತ್ತದೆ. ರಾಷ್ಟ್ರೀಯ ನಾಟಕ ಶಾಲೆ ಇರುವುದು ಅಲ್ಲಿ. 1977ರಿಂದ 1981ರವರೆಗೆ ಆ ಶಾಲೆಯ ನಿರ್ದೇಶಕರಾಗಿದ್ದವರು ನಮ್ಮ ಬಿ.ವಿ. ಕಾರಂತರು.

1929ರಲ್ಲಿ ಬಂಟ್ವಾಳ ತಾಲ್ಲೂಕಿನ ಮಂಚಿ ಬಳಿಯ ಬಾಬುಕೋಡಿಯಲ್ಲಿ ಹುಟ್ಟಿದ ಹುಡುಗ ಮೂರನೆಯ ತರಗತಿಯಲ್ಲಿ 'ನನ್ನ ಗೋಪಾಲ' ನಾಟಕಕ್ಕೆ ಬಣ್ಣ ಹಚ್ಚಿದ. ಆ ಬಣ್ಣ ಮತ್ತೆ ಇಳಿಯಲಿಲ್ಲ. ಮುಂದೆ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ನಾಟಕ ಕಂಪನಿ ಸೇರಿದ. ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರು ಆ ಹುಡುಗನಲ್ಲಿ ಏನನ್ನೋ ಕಂಡರು. ಹೆಚ್ಚಿನ ಓದಿಗೆ ಬನಾರಸ್ಸಿಗೆ ಕಳಿಸಿದರು. ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡುತ್ತಲೇ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತದ ಪಾಠವಾಯಿತು. ಅಲ್ಲಿಂದ ದೆಹಲಿ. 1962ರಲ್ಲಿ ನಾಟಕ ಶಾಲೆಯ ಪದವಿ.

ಕಾರಂತರ ಕೈಗುಣ ಸದ್ದಿನಲ್ಲಿತ್ತು. ಕಲ್ಲು, ತಗಡು, ಬಿದಿರು, ಕಾಗದ, ಕೈಗೆ ಸಿಕ್ಕಿದ್ದೆಲ್ಲ ಅವರ ರಂಗದ ಮೇಲೆ ವಾದ್ಯವಾಗುತ್ತಿತ್ತು. ಕಂಠಶುದ್ಧಿ ಇರುವ ಗಾಯಕರಿಗಾಗಿ ಕಾಯುತ್ತ ಕೂರದೆ, ಎದುರಿಗಿರುವ ನಟರ ಕೊರಳಿನಿಂದಲೇ ಹಾಡು ಹುಟ್ಟಿಸುತ್ತಿದ್ದರು. ಈ ಗುಣ ರಂಗದಿಂದ ತೆರೆಗೂ ಹರಿಯಿತು. 'ಚೋಮನ ದುಡಿ'ಯ ನಿರ್ದೇಶಕರಾಗಿ ಸ್ವರ್ಣಕಮಲ ತಂದ ಕಾರಂತರಿಗೆ ಸಂಗೀತ ನಿರ್ದೇಶನಕ್ಕೂ ಎರಡು ಸಲ ರಾಷ್ಟ್ರಪ್ರಶಸ್ತಿ ಬಂತು, ಒಂದು 'ಋಷ್ಯಶೃಂಗ'ಕ್ಕೆ, ಇನ್ನೊಂದು 'ಘಟಶ್ರಾದ್ಧ'ಕ್ಕೆ.

ಅವರ ಇನ್ನೊಂದು ಕೈಗುಣ ಮಕ್ಕಳೊಡನೆ ಬೆರೆಯುವುದು. ನಾಟಕ ಶಾಲೆಯ ಓದು ಮುಗಿಸಿ ಹೊರಬಂದ ಮೇಲೆ ಅವರು ಕೆಲವು ವರ್ಷ ಲೋಧಿ ಎಸ್ಟೇಟಿನ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟರಾಗಿದ್ದರು. ದೊಡ್ಡ ಶಾಲೆಯ ಪದವಿ ಪಡೆದವರಿಗೆ ಇದು ಸಣ್ಣ ನೌಕರಿಯಾಗಿ ಕಾಣಬಹುದಿತ್ತು. ಆದರೆ ಮುಂದೆ ಅವರು ಕಟ್ಟಿದ 'ಪಂಜರ ಶಾಲೆ', 'ಅಳಿಲು ರಾಮಾಯಣ', 'ಹೆಡ್ಡಾಯಣ'ದಂಥ ಮಕ್ಕಳ ನಾಟಕಗಳನ್ನು ನೆನೆದರೆ ಆ ವರ್ಷಗಳು ಕಳೆದುಹೋದ ವರ್ಷಗಳಲ್ಲ ಎಂದು ತಿಳಿಯುತ್ತದೆ. 'ಪಂಜರ ಶಾಲೆ'ಯ ಮೂಲ ರವೀಂದ್ರನಾಥ ಠಾಕೂರರ ಗಿಣಿಯ ಕಥೆ. ಹಾಡಿಕೊಂಡು ಹಾರಾಡಿಕೊಂಡಿದ್ದ ಹಕ್ಕಿಗೆ ವಿದ್ಯೆ ಕಲಿಸಲೆಂದು ಪಂಜರಕ್ಕೆ ಹಾಕಿ, ಪುಸ್ತಕದ ಹಾಳೆಗಳನ್ನು ಅದರ ಗಂಟಲಿಗೆ ತುರುಕುತ್ತಾರೆ. ಹಕ್ಕಿ ಸಾಯುತ್ತದೆ. ಸಹಜ ಗುಣವನ್ನು ಕೊಂದು ಕಲಿಸುವ ಕಲಿಕೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಕಟುವಾಗಿ ಹೇಳಲಾಗದು.

ನಿರ್ದೇಶಕರ ಕುರ್ಚಿಗೆ ಬಂದಾಗ ಕಾರಂತರ ಮುಂದೆ ಇಬ್ರಾಹಿಂ ಅಲ್ಕಾಜಿ ಅವರ ದೊಡ್ಡ ನೆರಳಿತ್ತು. 1962ರಿಂದ 1977ರವರೆಗೆ, ಹದಿನೈದು ವರ್ಷ, ಅಲ್ಕಾಜಿ ಆ ಶಾಲೆಯನ್ನು ಕಟ್ಟುನಿಟ್ಟಿನ ಶಿಸ್ತಿನಿಂದ ರೂಪಿಸಿದ್ದರು. ಫಿರೋಜ್ ಶಾ ಕೋಟ್ಲಾದ ಭಗ್ನಾವಶೇಷಗಳ ನಡುವೆ ಅವರು ಆಡಿಸಿದ 'ಅಂಧಾ ಯುಗ್' ನಾಟಕವನ್ನು ದೆಹಲಿ ಇನ್ನೂ ಮರೆತಿಲ್ಲ. ಹಿಂದಿನವರ ಅಚ್ಚಿನಲ್ಲಿಯೇ ತಾವೂ ಕೂರಲು ಹೊಸಬರು ಹೆಣಗುವುದು ಎಲ್ಲ ಕಚೇರಿಗಳ ಕಥೆ. ಕಾರಂತರು ಹೆಣಗಲಿಲ್ಲ. ತಮಗೆ ಸಹಜವಾಗಿದ್ದ ಹಾಡು, ಜಾನಪದ, ತಿರುಗಾಟಗಳ ಕಡೆಗೆ ಹುದ್ದೆಯನ್ನೇ ಬಾಗಿಸಿಕೊಂಡರು. ಶಾಲೆಯ ತರಬೇತಿಯನ್ನು ದೆಹಲಿಯ ಹೊರಗೆ, ದೂರದ ಮಧುರೈವರೆಗೂ ಶಿಬಿರಗಳ ಮೂಲಕ ಒಯ್ದರು. 1979ರಲ್ಲಿ ಶಾಲೆಯ ರೆಪರ್ಟರಿಗೆ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು, ರಘುವೀರ ಸಹಾಯ್ ಅವರ ಹಿಂದಿ ಅನುವಾದದಲ್ಲಿ, 'ಬರ್ನಂ ವನ್' ಎಂದು ಆಡಿಸಿದರು. ಅದರ ನಡಿಗೆಗೂ ಕುಣಿತಕ್ಕೂ ಯಕ್ಷಗಾನ ಬಂತು. ಬಾಬುಕೋಡಿಯ ಸುತ್ತಲಿನ ಬಯಲಾಟ ಮಂಡಿ ಹೌಸ್‌ಗೆ ಬಂದು ಸ್ಕಾಟ್ಲೆಂಡಿನ ರಾಜನ ಕಥೆ ಹೇಳಿತು.

ಸಹಜ ಗುಣ ಎಂದರೆ ಶ್ರಮವಿಲ್ಲದೆ ಬಂದದ್ದು ಎಂಬ ಭ್ರಮೆ ಇಲ್ಲಿ ನಿಲ್ಲುವುದಿಲ್ಲ. ಗುಬ್ಬಿ ಕಂಪನಿಯ ಪರದೆ, ಬನಾರಸ್ಸಿನ ತಂಬೂರಿ, ದೆಹಲಿಯ ರಂಗಶಿಸ್ತು, ಮಕ್ಕಳ ತರಗತಿ, ಇಷ್ಟೂ ಆ ಕೈಯನ್ನು ಹದಗೊಳಿಸಿದವು. ಹುಟ್ಟಿನಿಂದ ಬಂದದ್ದು ಒಲವು ಮಾತ್ರ. ಒಲವಿದ್ದುದರಿಂದ ಅಷ್ಟು ವರ್ಷಗಳ ಅಭ್ಯಾಸ ಹೊರೆಯಾಗಲಿಲ್ಲ. ಡೊನಾಲ್ಡ್ ಕ್ಲಿಫ್ಟನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರೂ ಇದನ್ನೇ ತಮ್ಮ ವಿಚಾರದ ತಳಹದಿ ಮಾಡಿಕೊಂಡರು: ಒಲವಿನ ಬೀಜಕ್ಕೆ ಕಲಿಕೆಯೂ ಅಭ್ಯಾಸವೂ ಸೇರಿದಾಗ ಅದು ಬಲವಾಗುತ್ತದೆ. ಅವರು ರೂಪಿಸಿದ 34 ಗುಣಗಳ ಪರೀಕ್ಷೆಯನ್ನು ಇಂದು ಅನೇಕ ಕಂಪನಿಗಳು ಉದ್ಯೋಗಿಗಳಿಗೆ ಕೊಡುತ್ತವೆ.

ದೇವದತ್ತನ ತಲೆ, ಕಪಿಲನ ಮೈ

ಗಿರೀಶ ಕಾರ್ನಾಡರ 'ಹಯವದನ'ವನ್ನು ಹಿಂದಿಗೆ ತಂದವರು ಕಾರಂತರೇ. ನೌಕರಿ ಜಾಹೀರಾತು ಓದುವಾಗಲೆಲ್ಲ ನನಗೆ ಆ ನಾಟಕ ನೆನಪಾಗುತ್ತದೆ. ದೇವದತ್ತ ವಿದ್ಯಾವಂತ, ಕವಿ. ಕಪಿಲ ಕಮ್ಮಾರನ ಮಗ, ಗಟ್ಟಿ ಮೈಯವನು. ದೇವದತ್ತನ ಹೆಂಡತಿ ಪದ್ಮಿನಿಗೆ ಒಬ್ಬನ ಬುದ್ಧಿಯೂ ಬೇಕು, ಇನ್ನೊಬ್ಬನ ಮೈಕಟ್ಟೂ ಬೇಕು. ಕಾಳಿಯ ಗುಡಿಯಲ್ಲಿ ತಲೆಗಳು ಅದಲುಬದಲಾದಾಗ ಅವಳ ಆಸೆ ಕೈಗೂಡಿದಂತೆ ಕಾಣುತ್ತದೆ. ಆದರೆ ದಿನ ಕಳೆದಂತೆ ದೇವದತ್ತನ ತಲೆ ಹೊತ್ತ ಗಟ್ಟಿ ಮೈ ಮೆತ್ತಗಾಗುತ್ತದೆ, ಕಪಿಲನ ತಲೆ ಹೊತ್ತ ಮೆತ್ತನೆಯ ಮೈ ಮತ್ತೆ ಬಿಗಿಯಾಗುತ್ತದೆ. ಇಬ್ಬರೂ ತಮ್ಮ ತಮ್ಮ ಗುಣಕ್ಕೆ ಮರಳುತ್ತಾರೆ.

ನಮ್ಮ ಕಚೇರಿಗಳು ಕೇಳುವುದು ಈ ಸರ್ವಗುಣಸಂಪನ್ನನನ್ನೇ. ಅಂಕಿಅಂಶದಲ್ಲಿ ಚುರುಕು, ಮಾತಿನಲ್ಲಿ ಮೋಡಿ, ವಿವರದಲ್ಲಿ ಸೂಕ್ಷ್ಮ, ದೂರದೃಷ್ಟಿಯಲ್ಲಿ ವಿಶಾಲ, ಒಬ್ಬನೇ ದುಡಿಯುವವನೂ ಹೌದು, ಹತ್ತು ಜನರನ್ನು ನಡೆಸುವವನೂ ಹೌದು. ಅಂಥವರು ಸಿಗುವುದು ಅಪರೂಪ. ಸಿಕ್ಕವರನ್ನು ತರಬೇತಿಯ ಮೇಲೆ ತರಬೇತಿ ಕೊಟ್ಟು ಆ ಅಚ್ಚಿಗೆ ಹೊಯ್ಯಲು ನೋಡುತ್ತಾರೆ. ಒಳ್ಳೆಯ ಪ್ರೋಗ್ರಾಮರ್‌ನನ್ನು ಬಡ್ತಿಯ ಹೆಸರಿನಲ್ಲಿ ಮ್ಯಾನೇಜರ್ ಮಾಡಿ, ಅವನಿಗೂ ನೆಮ್ಮದಿಯಿಲ್ಲ, ತಂಡಕ್ಕೂ ನೆಮ್ಮದಿಯಿಲ್ಲ ಎಂಬ ಸ್ಥಿತಿಗೆ ತರುವುದು ನೋಯ್ಡಾ, ಗುರುಗ್ರಾಮಗಳಲ್ಲಿ ಎಲ್ಲರೂ ಕಂಡ ಸಂಗತಿ. ಒಬ್ಬರಲ್ಲಿ ಎಲ್ಲ ಗುಣ ತುಂಬುವ ಹಟ ಬಿಟ್ಟು ದೇವದತ್ತನನ್ನೂ ಕಪಿಲನನ್ನೂ ಒಂದೇ ತಂಡದಲ್ಲಿ ಪಕ್ಕಪಕ್ಕ ಕೂರಿಸುವುದು ಜಾಣತನ. ತಂಡ ಎಂಬುದು ಇರುವುದೇ ಅದಕ್ಕೆ.

ಹೆಸರಿಲ್ಲದ ಸಾಲುಗಳು

ಕಾರಂತರ ಉದಾಹರಣೆ ಓದಿದವರಿಗೆ, ಕೈಗುಣ ಎಂದರೆ ಸಭೆ ತುಂಬುವ ಕಲೆಯೇ ಇರಬೇಕು ಎನ್ನಿಸಬಹುದು. ಅದೇ ಕಾಲದ ದೆಹಲಿಯಲ್ಲಿ, ಸೌತ್ ಬ್ಲಾಕಿನಲ್ಲಿ, ಇನ್ನೊಬ್ಬ ಕನ್ನಡಿಗರಿದ್ದರು. ಎಚ್.ವೈ. ಶಾರದಾ ಪ್ರಸಾದರು 1966ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಕಚೇರಿಗೆ ಬಂದು ಮಾಧ್ಯಮ ಸಲಹೆಗಾರರಾದರು, ಮುಂದೆ ರಾಜೀವ್ ಗಾಂಧಿಯವರೊಂದಿಗೂ ಕೆಲಸ ಮಾಡಿದರು. ಮೈಸೂರಿನ ವಿದ್ಯಾರ್ಥಿಯಾಗಿದ್ದಾಗ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಆಮೇಲೆ ಮುಂಬೈಯಲ್ಲಿ ಪತ್ರಕರ್ತರು, ದೆಹಲಿಯಲ್ಲಿ 'ಯೋಜನಾ' ಪತ್ರಿಕೆಯ ಸಂಪಾದಕರು.

ಪ್ರಧಾನಿಯ ಭಾಷಣ ಬರೆಯುವುದೂ ಅವರ ಕೆಲಸವಾಗಿತ್ತು. ಭಾಷಣ ಬರೆಯುವವರ ಕೆಲಸದ ಸೊಗಸು ಬರೆದವರು ಕಾಣದಿರುವುದರಲ್ಲಿದೆ. ಮಾತು ಆಡುವವರ ಬಾಯಿಗೆ ಒಪ್ಪಬೇಕು, ದೇಶದ ಕಿವಿಗೆ ತಲುಪಬೇಕು, ಬರೆದವರ ನೆರಳು ಎಲ್ಲೂ ಬೀಳಬಾರದು. ಇನ್ನೊಬ್ಬರ ಮನಸ್ಸಿನ ಲಯ ಹಿಡಿಯುವ ಈ ಗುಣ ಅವರ ಅನುವಾದಗಳಲ್ಲಿಯೂ ಇದೆ. ಶಿವರಾಮ ಕಾರಂತರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಇಂಗ್ಲಿಷಿಗೆ ಹೋದದ್ದು ಅವರ ಕೈಯಿಂದ. ಅಧಿಕಾರದ ಅಷ್ಟು ಸಮೀಪ ಅಷ್ಟು ವರ್ಷ ಇದ್ದವರು ಒಳಮನೆಯ ಕಥೆ ಬರೆದಿದ್ದರೆ ಪ್ರಕಾಶಕರು ಸಾಲು ನಿಲ್ಲುತ್ತಿದ್ದರು. ಅವರು ಬರೆಯಲಿಲ್ಲ. ತಮ್ಮ ಇಂಗ್ಲಿಷ್ ಪ್ರಬಂಧಗಳ ಸಂಕಲನಕ್ಕೆ, ತಾನು ಬರೆಯದೆ ಇರುವ ಪುಸ್ತಕ ಎಂಬರ್ಥದ ಹೆಸರನ್ನೇ ಇಟ್ಟರು. ಹಿಂದೆ ನಿಲ್ಲುವುದು ಅವರಿಗೆ ತ್ಯಾಗವಾಗಿರಲಿಲ್ಲ, ಸ್ವಭಾವವಾಗಿತ್ತು. ಮೀಟಿಂಗಿನಲ್ಲಿ ದನಿ ಏರಿಸದವರು, ಆದರೆ ಎಲ್ಲರ ಗೊಂದಲವನ್ನು ಸಂಜೆಯ ಹೊತ್ತಿಗೆ ಒಂದು ಪುಟದ ಸ್ಪಷ್ಟ ಟಿಪ್ಪಣಿಯಾಗಿಸುವವರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಅವರಿಗೆ "ಸ್ವಲ್ಪ ಮುಂದೆ ಬನ್ನಿ, ಜೋರಾಗಿ ಮಾತಾಡಿ" ಎಂದು ಪ್ರತಿವರ್ಷ ಬುದ್ಧಿ ಹೇಳುವ ಬದಲು ಆ ಟಿಪ್ಪಣಿಯ ಬೆಲೆ ತಿಳಿಯುವುದು ಒಳ್ಳೆಯದು.

ಅವರ ಮನೆಯ ಸಂಗತಿಯೊಂದು ಈ ವಿಷಯಕ್ಕೆ ಬೆಳಕು ಚೆಲ್ಲುತ್ತದೆ. ತಂದೆ ಹೊಳೆನರಸೀಪುರ ಯೋಗಾನರಸಿಂಹಂ ಸಂಸ್ಕೃತ ವಿದ್ವಾಂಸರು, ವಾಗ್ಗೇಯಕಾರರು. ತಮ್ಮಂದಿರಲ್ಲಿ ಎಚ್.ವೈ. ಮೋಹನ್ ರಾಮ್ ದೆಹಲಿ ವಿಶ್ವವಿದ್ಯಾಲಯದ ಹೆಸರಾಂತ ಸಸ್ಯವಿಜ್ಞಾನಿ, ನಾರಾಯಣ ದತ್ತರು ಮುಂಬೈಯ ಹಿಂದಿ ಮಾಸಿಕ 'ನವನೀತ'ದ ಸಂಪಾದಕರು. ಒಂದೇ ಒಲೆಯ ಅನ್ನ ಉಂಡವರಲ್ಲಿ ಒಬ್ಬರು ಪ್ರಧಾನಿಯ ಮಾತಿಗೆ, ಒಬ್ಬರು ಗಿಡಗಳಿಗೆ, ಒಬ್ಬರು ಹಿಂದಿಗೆ ಒಲಿದರು. ಕೈಗುಣವನ್ನು ಮನೆತನದಿಂದ ಅಳೆಯಲಾಗದು. ಪ್ರತಿಯೊಬ್ಬರ ಕೈಯನ್ನೂ ಬೇರೆಯಾಗಿಯೇ ನೋಡಬೇಕು.

ಇನ್ನೊಂದು ಬಗೆಯ ಕೈಯೂ ಈ ಊರಿನಲ್ಲಿ ಕೆಲಸ ಮಾಡಿದೆ. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದು ಕೇಂದ್ರದ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ದೊಡ್ಡ ಅರ್ಥಶಾಸ್ತ್ರಜ್ಞರು. ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿದ ಮೊದಲಿಗರಲ್ಲಿ ಒಬ್ಬರು. ಆದರೆ ಅವರ ಕೈಗುಣ ಎದ್ದು ಕಾಣುವುದು ಸಂಸ್ಥೆ ನೆಡುವುದರಲ್ಲಿ. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಆಮೇಲೆ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್). ಒಮ್ಮೆ ಆದದ್ದು ಸಂದರ್ಭವಿರಬಹುದು. ಊರು, ಕಾಲ, ಹುದ್ದೆ ಬದಲಾದರೂ ಮತ್ತೆ ಮತ್ತೆ ಆಗುವುದು ಗುಣ. ನಮ್ಮ ಬದುಕಿನಲ್ಲಿಯೂ ಹುಡುಕಬೇಕಾದದ್ದು ಈ ಪುನರಾವರ್ತನೆಯನ್ನು.

ಕಂಡುಕೊಳ್ಳುವುದು ಹೇಗೆ?

ಮೊದಲನೆಯದು, "ಅದರಾಗೇನೈತಿ" ಎಂದು ನಾವು ತಳ್ಳಿಹಾಕುವ ಕೆಲಸಗಳನ್ನು ಗಮನಿಸುವುದು. ಧಾರವಾಡದ ಅಜ್ಜಿಗೆ ಹೆಪ್ಪು ಹಾಕುವುದು ಎಲ್ಲರಿಗೂ ಬರುವ ಕೆಲಸವಾಗಿ ಕಂಡಿತ್ತು. ಸುಲಭವಾಗಿ ಆಗುವುದಕ್ಕೆ ಬೆಲೆಯಿಲ್ಲ, ಬೆವರಿಳಿಸಿದ್ದೇ ದುಡಿಮೆ ಎಂದು ನಾವು ಬೆಳೆದಿದ್ದೇವೆ. ಹಾಗಾಗಿ ನಮ್ಮ ಬಲ ನಮಗೇ ಅಡಗಿರುತ್ತದೆ. ಸಹೋದ್ಯೋಗಿಗಳು ನಿಮ್ಮ ಹುದ್ದೆಗೆ ಸಂಬಂಧವಿಲ್ಲದಿದ್ದರೂ ಯಾವ ಕೆಲಸಕ್ಕಾಗಿ ನಿಮ್ಮ ಮೇಜಿನ ಬಳಿ ಬರುತ್ತಾರೆ? ಕೆಟ್ಟ ಎಕ್ಸೆಲ್ ಹಾಳೆ ಸರಿಪಡಿಸಲೋ, ಸಿಟ್ಟಾದ ಗ್ರಾಹಕರೊಡನೆ ಮಾತಾಡಲೋ, ಹೊಸಬರಿಗೆ ಕೆಲಸ ತಿಳಿಸಿಕೊಡಲೋ? ಅವರ ಕಾಲು ದಾರಿ ಮೂಡಿಸಿರುತ್ತದೆ. ನಾವು ಅದನ್ನು ನೋಡಿದರೆ ಸಾಕು.

ಎರಡನೆಯದು ಬರೆದಿಡುವುದು. ಆಡಳಿತ ಚಿಂತಕ ಪೀಟರ್ ಡ್ರಕರ್ 1999ರ ಒಂದು ಪ್ರಬಂಧದಲ್ಲಿ ಸರಳ ವಿಧಾನವೊಂದನ್ನು ಹೇಳಿದರು. ಮುಖ್ಯ ತೀರ್ಮಾನ ತೆಗೆದುಕೊಂಡಾಗಲೆಲ್ಲ ಏನಾಗುತ್ತದೆ ಎಂದು ನಿಮ್ಮ ನಿರೀಕ್ಷೆಯನ್ನು ಬರೆದಿಡಿ. ಒಂಬತ್ತರಿಂದ ಹನ್ನೆರಡು ತಿಂಗಳ ಬಳಿಕ ಆದದ್ದರೊಡನೆ ಹೋಲಿಸಿ. ಎಲ್ಲಿ ನಿರೀಕ್ಷೆ ಮೀರಿತೋ ಅಲ್ಲಿ ಬಲವಿದೆ. ಎಲ್ಲಿ ಸಲಸಲವೂ ತಪ್ಪಿತೋ ಅಲ್ಲಿ ನೀವು ಕಾಲಿಡುವುದು ಕಡಿಮೆಯಾಗಲಿ. ಎರಡು ಮೂರು ವರ್ಷಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ ಎಂದರು ಅವರು. ಅಷ್ಟು ಕಾಯಲಾರದವರು ಎರಡು ವಾರ ಚಿಕ್ಕ ದಿನಚರಿ ಬರೆಯಬಹುದು: ಇಂದು ಯಾವ ಕೆಲಸ ಮಾಡುವಾಗ ಗಡಿಯಾರ ಮರೆತೆ, ಯಾವುದು ಮುಗಿದ ಮೇಲೆ ಜೀವ ಹಿಂಡಿದಂತಾಯಿತು. ಚೆನ್ನಾಗಿ ಮಾಡಬಲ್ಲೆವಾದರೂ ನಮ್ಮನ್ನು ಹಿಂಡುವ ಕೆಲಸಗಳಿರುತ್ತವೆ. ಅವು ಸಾಮರ್ಥ್ಯ ಹೌದು, ಬಲವಲ್ಲ. ಬಲ ಎಂದರೆ ಮಾಡಿದ ಮೇಲೆ ಇನ್ನಷ್ಟು ಮಾಡುವ ಹುರುಪು ಕೊಡುವುದು.

ಮೂರನೆಯದು ಕೇಳುವುದು. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಒಂದು ಅಭ್ಯಾಸವಿದೆ. ನಿಮ್ಮನ್ನು ಬಲ್ಲ ಹತ್ತಿಪ್ಪತ್ತು ಜನರನ್ನು, ಅಂದರೆ ಹಳೆಯ ಮೇಲಧಿಕಾರಿ, ಗೆಳೆಯರು, ಮನೆಯವರು, ಕಿರಿಯ ಸಹೋದ್ಯೋಗಿ ಇಂಥವರನ್ನು, "ನಾನು ನನ್ನ ಅತ್ಯುತ್ತಮ ಸ್ಥಿತಿಯಲ್ಲಿದ್ದ ಒಂದು ಸಂದರ್ಭ ಹೇಳಿ" ಎಂದು ಕೇಳಬೇಕು. ಹೊಗಳಿಕೆ ಬೇಡ, ಘಟನೆ ಬೇಕು. ಬಂದ ಕಥೆಗಳಲ್ಲಿ ಒಂದೇ ಎಳೆ ಮತ್ತೆ ಮತ್ತೆ ಕಾಣುತ್ತದೆ. ನಮ್ಮಲ್ಲಿ ಹೀಗೆ ಕೇಳಲು ಸಂಕೋಚ. ಆದರೆ ಕೈಗುಣವನ್ನು ಕಂಡವರೇ ಹೇಳಬೇಕು ಎಂಬ ನಮ್ಮ ಹಳೆಯ ತಿಳಿವಳಿಕೆಗೆ ಇದು ಹತ್ತಿರವೇ ಇದೆ.

ನಾಲ್ಕನೆಯದು, ಇದ್ದಲ್ಲೇ ಸ್ವಲ್ಪ ಒತ್ತಿಕೊಂಡು ಜಾಗ ಮಾಡಿಕೊಳ್ಳುವುದು. ಏಮಿ ರೆಸ್‌ನೆಸ್ಕಿ ಮತ್ತು ಜೇನ್ ಡಟನ್ ಎಂಬ ಸಂಶೋಧಕಿಯರು ಅಮೆರಿಕದ ಆಸ್ಪತ್ರೆಯೊಂದರ ಸ್ವಚ್ಛತಾ ಸಿಬ್ಬಂದಿಯನ್ನು ಗಮನಿಸಿದರು. ಕೆಲವರಿಗೆ ಕೆಲಸ ಎಂದರೆ ನೆಲ ಒರೆಸುವುದು. ಇನ್ನು ಕೆಲವರು ಅದೇ ನೆಲ ಒರೆಸುತ್ತ ರೋಗಿಗಳ ಜೊತೆ ಮಾತಾಡುತ್ತಿದ್ದರು, ಬಂದ ಬಂಧುಗಳಿಗೆ ದಾರಿ ತೋರಿಸುತ್ತಿದ್ದರು, ತಾವೂ ಆರೈಕೆಯ ಪಾಲುದಾರರು ಎಂದು ತಿಳಿದಿದ್ದರು. ಹುದ್ದೆ ಒಂದೇ, ಅವರು ಕಟ್ಟಿಕೊಂಡ ಕೆಲಸ ಬೇರೆ. 2001ರಲ್ಲಿ ಈ ಇಬ್ಬರು ಬರೆದ ಪ್ರಬಂಧದ ಪ್ರಕಾರ ನಾವು ಮೂರು ಕಡೆ ಕೈ ಆಡಿಸಬಹುದು: ಮಾಡುವ ಕೆಲಸಗಳ ಪ್ರಮಾಣ, ಒಡನಾಡುವ ಜನ, ಆ ಕೆಲಸವನ್ನು ನಾವು ನೋಡುವ ಬಗೆ. ರಾಜೀನಾಮೆ ಪತ್ರ ಬರೆಯುವ ಮುನ್ನ ವಾರಕ್ಕೆ ಎರಡು ಗಂಟೆ ನಿಮ್ಮ ಕೈಗುಣದ ಕೆಲಸಕ್ಕೆ ಸಿಗುತ್ತದೆಯೇ ನೋಡಿ. ನಾಟಕ ಶಾಲೆಯಲ್ಲಿ ಬಿ.ವಿ. ಕಾರಂತರು ಮಾಡಿದ್ದೂ ಇದನ್ನೇ, ದೊಡ್ಡ ಅಳತೆಯಲ್ಲಿ.

ಇದನ್ನೆಲ್ಲ ಬರೆಯುವಾಗ ಓಲ್ಡ್ ರಾಜೇಂದ್ರ ನಗರದ ಮಕ್ಕಳು ಕಣ್ಣಮುಂದೆ ಬರುತ್ತಾರೆ. ಕಲಬುರಗಿ, ವಿಜಯಪುರ, ಹಾಸನಗಳಿಂದ ಬಂದು ಕಿರಿದಾದ ಕೋಣೆಗಳಲ್ಲಿ ಯುಪಿಎಸ್‌ಸಿಗೆ ಓದುವವರು. ಸುಮಾರು ಸಾವಿರ ಹುದ್ದೆಗಳಿಗೆ ಹತ್ತು ಲಕ್ಷದ ಆಸುಪಾಸಿನ ಅರ್ಜಿಗಳು ಬರುವ ಪರೀಕ್ಷೆ ಅದು. ಬಹುಪಾಲು ಮಂದಿಗೆ ಆಗುವುದಿಲ್ಲ ಎಂಬುದು ಲೆಕ್ಕದಲ್ಲೇ ಇದೆ. ನಾಲ್ಕೈದು ವರ್ಷದ ಬಳಿಕ ಊರಿಗೆ ಮರಳುವ ಹುಡುಗಿ ತನ್ನನ್ನು ಸೋತವಳೆಂದು ಕರೆದುಕೊಳ್ಳುತ್ತಾಳೆ. ಆದರೆ ಅವಳು ನಾನೂರು ಪುಟದ ವರದಿಯನ್ನು ನಾಲ್ಕು ಪುಟಕ್ಕೆ ಇಳಿಸಬಲ್ಲಳು. ಪಕ್ಕದ ಕೋಣೆಯವರಿಗೆ ಸಂವಿಧಾನದ ತಿದ್ದುಪಡಿಗಳನ್ನು ಕಥೆಯಂತೆ ಹೇಳಿ ಅರ್ಥ ಮಾಡಿಸಿರುತ್ತಾಳೆ. ಪರೀಕ್ಷೆ ಅಳೆದದ್ದು ಒಂದು ಅಳತೆಯಲ್ಲಿ. ಆ ವರ್ಷಗಳಲ್ಲಿ ಹದವಾದ ಕೈಯನ್ನು ಬೇರೆ ಅಳತೆಗಳಲ್ಲಿಯೂ ನೋಡಬೇಕು. ಆಕೆಗೆ ಅದನ್ನು ಯಾರಾದರೂ ಹೇಳಲೇಬೇಕು.

ಹುಟ್ಟುಗುಣ, ಕುಲಕಸುಬು

ಇಲ್ಲಿ ಒಂದು ಎಚ್ಚರ ಬೇಕು. ಸಹಜ ಗುಣ ಎಂಬ ಮಾತು ನಮ್ಮ ನೆಲದಲ್ಲಿ ಮುಗ್ಧವಾಗಿ ಉಳಿದಿಲ್ಲ. ಇದು ನಿನ್ನ ಹುಟ್ಟಿಗೆ ತಕ್ಕ ಕೆಲಸ, ಅದು ನಿನ್ನ ಜಾತಿಗೆ ಒಗ್ಗುವುದಿಲ್ಲ ಎಂದು ಶತಮಾನಗಳ ಕಾಲ ಜನರನ್ನು ಕಟ್ಟಿಹಾಕಿದ್ದು ಇದೇ ಮಾತಿನಿಂದ. ಹೆಣ್ಣಿಗೆ ಆರೈಕೆ ಸಹಜ, ಗಂಡಿಗೆ ಅಧಿಕಾರ ಸಹಜ ಎನ್ನುವುದೂ ಅದರ ಮುಂದುವರಿಕೆಯೇ. ಇವತ್ತಿಗೂ ಮೀಟಿಂಗಿನಲ್ಲಿ ಟಿಪ್ಪಣಿ ಬರೆಯಲು, ಹುಟ್ಟುಹಬ್ಬದ ಕೇಕ್ ತರಿಸಲು ಹೆಣ್ಣುಮಕ್ಕಳ ಕಡೆಯೇ ಕಣ್ಣು ತಿರುಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಘನತೆ ಕೊಟ್ಟಾಗ ಕಸುಬುಗಳ ನಡುವಿನ ಮೇಲುಕೀಳನ್ನೇ ಪ್ರಶ್ನಿಸಿದರು. ಆ ಎಚ್ಚರವಿಲ್ಲದೆ ಕೈಗುಣದ ಮಾತಾಡಬಾರದು. ಕೈಗೆ ಕೆಲಸ ಮುಟ್ಟುವ ಅವಕಾಶವೇ ಸಿಗದಿದ್ದರೆ ಅದರ ಗುಣ ತಿಳಿಯುವುದು ಹೇಗೆ? ಹತ್ತು ಬಗೆಯ ಕೆಲಸಕ್ಕೆ ಕೈ ಹಾಕಲು ಬಿಟ್ಟ ಮೇಲೆ ಕಾಣುವುದು ಕೈಗುಣ. ಬಿಡುವ ಮೊದಲೇ ತೀರ್ಮಾನಿಸುವುದು ಪೂರ್ವಗ್ರಹ.

ಪರೀಕ್ಷೆಗಳು ಕೊಡುವ ಹೆಸರುಗಳ ಬಗೆಗೂ ಇದೇ ಮಾತು. ಕ್ಲಿಫ್ಟನ್ನರ 34 ಇರಲಿ, 2004ರಲ್ಲಿ ಪೀಟರ್ಸನ್ ಮತ್ತು ಸೆಲಿಗ್‌ಮನ್ ಪಟ್ಟಿ ಮಾಡಿದ ಕುತೂಹಲ, ಧೈರ್ಯ, ಕರುಣೆ, ಕೃತಜ್ಞತೆ ಮುಂತಾದ 24 ಚಾರಿತ್ರ್ಯಬಲಗಳಿರಲಿ, ಅವು ನಮ್ಮ ಬಗ್ಗೆ ಮಾತಾಡಲು ನಮಗೆ ಪದಗಳನ್ನು ಕೊಡುತ್ತವೆ. ಆ ಪದಗಳನ್ನು ಹಣೆಗೆ ಅಂಟಿಸಿಕೊಂಡರೆ ಹೊಸ ಜಾತಿ ಹುಟ್ಟುತ್ತದೆ.

ಬಲ ಅತಿಯಾದರೆ ಅದೇ ತೊಡಕಾಗುತ್ತದೆ ಎಂಬುದೂ ನಿಜ. ವಿವರ ನೋಡುವವರು ಕೆಲಸ ಮುಗಿಸದೆ ಹೋಗಬಹುದು, ನೇರ ಮಾತಿನವರು ಜೊತೆಯವರನ್ನು ನೋಯಿಸಬಹುದು. ಕಾರಂತರನ್ನು ಹೊಸ ರಂಗಗಳತ್ತ ಒಯ್ದ ತಿರುಗಾಟದ ಗುಣವೇ ಅವರನ್ನು ಒಂದು ಕುರ್ಚಿಯಲ್ಲಿ ಬಹುಕಾಲ ಕೂರಲು ಬಿಡಲಿಲ್ಲ: ದೆಹಲಿಯಲ್ಲಿ ನಾಲ್ಕು ವರ್ಷ, ಆಮೇಲೆ ಭೋಪಾಲದ ಭಾರತ ಭವನ, ಆಮೇಲೆ ಮೈಸೂರಿನ ರಂಗಾಯಣ. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರೇ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಬಲದ ಬೆನ್ನಿಗೆ ಬರುವ ಬೆಲೆಯನ್ನೂ ತಿಳಿದಿರಬೇಕು. ಡ್ರಕರ್ ಕೂಡ ಬಲವನ್ನು ಬೆಳೆಸಿ ಎಂದು ಹೇಳಿದ ಕೂಡಲೇ ಕೆಟ್ಟ ಅಭ್ಯಾಸ ಮತ್ತು ಒರಟುತನವನ್ನು ತಿದ್ದಿಕೊಳ್ಳಿ ಎಂದೂ ಸೇರಿಸಿದ್ದರು. ಹೇಳಿದ ಹೊತ್ತಿಗೆ ಬಾರದಿರುವುದನ್ನು, ಲೆಕ್ಕ ತಪ್ಪುವುದನ್ನು "ಅದು ನನ್ನ ಸ್ವಭಾವ" ಎಂದು ಮುಚ್ಚುವಂತಿಲ್ಲ.

ಹೇಳುವವರು ಬೇಕು

ಗುಬ್ಬಿ ವೀರಣ್ಣನವರಿಗೆ ಕಂಪನಿಯಲ್ಲಿ ಚುರುಕಾದ ಒಬ್ಬ ಹುಡುಗ ಬೇಕಾಗಿಯೇ ಇತ್ತು. ಅವನನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವುದು ಕಂಪನಿಗೆ ಲಾಭ. ಅವರು ಕಾಶಿಗೆ ಕಳಿಸಿದರು. ಆ ಹುಡುಗ ಅಲ್ಲಿಂದ ದೆಹಲಿಗೆ ಬಂದ. ನಟ ರಾಜಕುಮಾರ್ ಅವರನ್ನೂ ಬೆಳೆಸಿದ ಅದೇ ಕಂಪನಿಯ ಗರಡಿಯಿಂದ ದೇಶದ ನಾಟಕ ಶಾಲೆಗೆ ಒಬ್ಬ ನಿರ್ದೇಶಕ ಸಿಕ್ಕಂತಾಯಿತು. ತನ್ನ ಕೈಕೆಳಗಿನವರಲ್ಲಿ ತನಗೆ ಬೇಕಾದದ್ದನ್ನಷ್ಟೇ ನೋಡದೆ ಅವರಲ್ಲಿರುವುದನ್ನು ನೋಡುವುದು ಯಜಮಾನಿಕೆಯ ಕೈಗುಣ. ತಂಡ ನಡೆಸುವವರು ಈ ಏಪ್ರಿಲ್‌ನಲ್ಲಿ ಫಾರಂನ ಎರಡನೆಯ ಅಂಕಣಕ್ಕೆ ಬರುವ ಮುನ್ನ ಮೊದಲನೆಯದರಲ್ಲಿ ಒಂದು ಘಟನೆಯನ್ನು ಬರೆಯಲಿ: ಇಂಥ ದಿನ, ಇಂಥ ಬಿಕ್ಕಟ್ಟಿನಲ್ಲಿ, ನೀವು ಹೀಗೆ ಮಾಡಿದ್ದರಿಂದ ಹೀಗಾಯಿತು. ಆ ಒಂದು ಸಾಲನ್ನು ಓದಿದವರು ವರ್ಷಗಟ್ಟಲೆ ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ.

ಓಣಿಯ ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಬೇರೆ ಬಡಾವಣೆಗೆ ಹೋಗುವ ಮುನ್ನ ಅವರ ಮನೆಗೆ ಹೋಗಿ ಕುಳಿತು, ಹಾಲಿನ ಹದ, ಚಳಿಯ ಲೆಕ್ಕ, ಶಾಲಿನ ಸುತ್ತು, ಅವರು ಗಮನಿಸುವುದನ್ನೆಲ್ಲ ಒಂದೊಂದಾಗಿ ಅವರಿಗೇ ಹೇಳಿದೆ. ಎಲ್ಲರೂ ಹೀಗೆ ಮಾಡುವುದಿಲ್ಲ ಅಜ್ಜಿ, ಮಾಡಿದ್ದರೆ ಓಣಿಯವರೆಲ್ಲ ನಿಮ್ಮ ಬಾಗಿಲಿಗೆ ಬರುತ್ತಿರಲಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಡಿಲಲ್ಲಿದ್ದ ತಮ್ಮ ಎರಡು ಕೈಗಳನ್ನು ಹೊರಳಿಸಿ ನೋಡಿಕೊಂಡರು. ಮುಂದಿನ ಚಳಿಗಾಲದಲ್ಲಿ ಅವರ ಅಡುಗೆಮನೆಯಲ್ಲಿ ಓಣಿಯ ಮೂವರು ಹೊಸ ಸೊಸೆಯಂದಿರು ಪಕ್ಕದಲ್ಲಿ ನಿಂತು ಕಿರುಬೆರಳು ಅದ್ದುವುದನ್ನು ಕಲಿಯುತ್ತಿದ್ದಾರೆಂದು ಕೇಳಿದೆ.